ಮಗು ಹಾರ್ಟಲ್ಲಿ ತೂತು ಅಂದ್ರೆ ಏನು: ಒಬ್ಬ ಮೋಟರ್ ಮೆಕ್ಯಾನಿಕ್‌ಗೆ ಅರ್ಥ ಆದ ಹಾಗೆ

2023ರ ಫೆಬ್ರವರಿ ಕೊನೇ ವಾರ. ಹಾಸನದಲ್ಲಿ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನಿಂಗ್, ಮಾಡೋ ರೂಮಿಂದ ಹೊರಗೆ ಬಂದಾಗ ಕೈಯಲ್ಲಿದ್ದ ರಿಪೋರ್ಟಲ್ಲಿ ನನಗೆ ತಲೆಗೆ ಹೋಗಿದ್ದು ಎರಡೇ, ಮಗಳ ವಯಸ್ಸು 7 ವಾರ ಅನ್ನೋದು, ಆಮೇಲೆ 7 ಮಿಮೀ ಅನ್ನೋದು. ಡಾಕ್ಟರು ಮಾತಾಡಿದ್ದು ಒಂದೆರಡು ನಿಮಿಷ, ಹಾರ್ಟಲ್ಲಿ ತೂತಿದೆ, ದೊಡ್ಡದಿದೆ, ಔಷಧಿ ಇವತ್ತಿಂದ್ಲೇ ಶುರು ಮಾಡಿ, ಬೆಂಗಳೂರಿಗೆ ತೋರಿಸಿ. ಹೊರಗೆ ಬಂದು ಅವ್ವಂಗೆ ಫೋನ್ ಮಾಡಿದೆ. "ತೂತಂದ್ರೆ ರಕ್ತ ಹೊರಗಡೆ ಸೋರ್ತೈತೇನಪ್ಪಾ?" ಅಂದ್ಲು. ನಂಗೂ ಅದೇ ಡೌಟು, ಡಾಕ್ಟರ್ ಹತ್ರ ಕೇಳಕ್ಕೆ ನಾಚ್ಕೆ ಆಗಿತ್ತು ಅಷ್ಟೇ.

ಹೊರಗೆ ಸೋರಲ್ಲ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಆಮೇಲೆ ಆಲೂರಿಂದ, ಅರಕಲಗೂಡಿಂದ, ಒಂದ್ಸಲ ಮೂಡಿಗೆರೆಯಿಂದ್ಲೂ ಯಾರದೋ ಪರಿಚಯ ಹಿಡ್ಕೊಂಡು ನನಗೆ ಫೋನ್ ಮಾಡಿದ ಅಪ್ಪಂದ್ರೆಲ್ಲ ಸುತ್ತಿ ಬಳಸಿ ಇದನ್ನೇ ಕೇಳಿದ್ದು. ನಾನು ಡಾಕ್ಟರಲ್ಲ, ಪಂಪ್‌ಸೆಟ್ ರಿಪೇರಿ, ಮೋಟರ್ ರಿವೈಂಡಿಂಗ್ ಮಾಡೋನು. ಬೆಂಗಳೂರಲ್ಲಿ ಮಕ್ಕಳ ಹಾರ್ಟ್ ಡಾಕ್ಟರಮ್ಮ ಒಬ್ರು ನೀವೇನು ಕೆಲಸ ಮಾಡೋದು ಅಂತ ಕೇಳ್ಕೊಂಡು ಒಂದು ಹಾಳೆ ಮೇಲೆ ಎರಡು ಮೋಟರ್ ಬರೆದು ತೋರಿಸಿದ್ರು ನೋಡಿ, ಅಲ್ಲೀವರೆಗೂ ಕತ್ತಲಲ್ಲಿದ್ದೋನಿಗೆ ಲೈಟ್ ಹಾಕಿದಂಗಾಯ್ತು. ಆ ಹಾಳೆ ಇನ್ನೂ ಬೀರುನಲ್ಲಿದೆ. ಕೆಳಗೆ ಬರೆದಿರೋದು ಹೆಚ್ಚುಕಮ್ಮಿ ಆ ಹಾಳೆನೇ.

ಹಾರ್ಟ್ ಅಂದ್ರೆ ಒಂದು ಮೋಟರ್ ಅಂದ್ಕೊಂಡಿರ್ತೀವಿ. ಅದು ಪಕ್ಕ ಪಕ್ಕ ಅಂಟ್ಕೊಂಡಿರೋ ಎರಡು ಮೋಟರ್, ನಡುವೆ ಒಂದೇ ಗೋಡೆ. ಬಲಗಡೇದು ಮೈಯೆಲ್ಲ ಸುತ್ತಾಡಿ ಆಕ್ಸಿಜನ್ ಖಾಲಿ ಮಾಡ್ಕೊಂಡು ಬಂದ ರಕ್ತನ ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ತಳ್ಳುತ್ತೆ, ಎಡಗಡೇದು ಅಲ್ಲಿಂದ ಆಕ್ಸಿಜನ್ ತುಂಬ್ಕೊಂಡು ವಾಪಸ್ ಬಂದ ರಕ್ತನ ನೆತ್ತಿಯಿಂದ ಕಾಲಿನ ಹೆಬ್ಬೆಟ್ಟಿನವರೆಗೂ ತಳ್ಳುತ್ತೆ. ನಿಮಿಷಕ್ಕೆ ಎರಡೂ ತಳ್ಳೋ ರಕ್ತ ಒಂದೇ ಅಳತೆ, ಪ್ರೆಶರ್ ಮಾತ್ರ ಬೇರೆ. ಸಂಪಿಂದ ಪಕ್ಕದ ತೊಟ್ಟಿಗೆ ನೀರು ಬಿಡೋ ಅರ್ಧ ಹೆಚ್‌ಪಿ ಮೋಟರ್‌ಗೂ, ಸಕಲೇಶಪುರದ ಕಡೆ ಕೆರೆಯಿಂದ ಗುಡ್ಡದ ಮೇಲಿನ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಯೋ ಮೋಟರ್‌ಗೂ ಇರೋ ವ್ಯತ್ಯಾಸ ಅದು. ದೊಡ್ಡೋರಲ್ಲಿ ಎಡಗಡೆ ಪ್ರೆಶರ್ 120 ಇದ್ರೆ ಬಲಗಡೆ 25ರ ಹತ್ರ ಇರುತ್ತೆ.

ಒಂದೊಂದು ಮೋಟರಿಗೂ ಮೇಲೊಂದು ಕೆಳಗೊಂದು ಕೋಣೆ. ಈಗ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೇಲಿ ತೂತಿದೆ ಅಂದ್ಕೊಳಿ. ಅದಕ್ಕೆ ವಿಎಸ್‌ಡಿ ಅಂತಾರೆ, ಹುಟ್ಟಿನಿಂದ ಬರೋ ಹಾರ್ಟ್ ತೊಂದರೆಗಳಲ್ಲೆಲ್ಲ ಇದೇ ಜಾಸ್ತಿ. ಪ್ರೆಶರ್ ಹೆಚ್ಚಿರೋ ಎಡಗಡೆಯಿಂದ ಕಮ್ಮಿ ಇರೋ ಬಲಗಡೆಗೆ ರಕ್ತ ನುಗ್ಗುತ್ತೆ. ಅಂದ್ರೆ ಆಗ್ಲೇ ಆಕ್ಸಿಜನ್ ತುಂಬ್ಕೊಂಡು ಮೈಗೆ ಹೋಗ್ಬೇಕಾಗಿದ್ದ ಒಳ್ಳೇ ರಕ್ತ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತೆ, ಸುತ್ತು ಹೊಡ್ಕೊಂಡು ಮತ್ತೆ ಎಡಗಡೆಗೆ, ಮತ್ತೆ ತೂತಲ್ಲಿ. ಫುಟ್‌ವಾಲ್ವ್ ಹೋದ ಮೋಟರ್ ನೋಡಿದೀರಲ್ಲ, ಎತ್ತಿದ ನೀರು ವಾಪಸ್ ಬಾವಿಗೇ ಬೀಳ್ತಾ ಇರುತ್ತೆ, ಮೋಟರ್ ಓಡ್ತಾನೇ ಇರುತ್ತೆ, ಕರೆಂಟ್ ತಿನ್ನುತ್ತೆ, ಬಿಸಿ ಆಗುತ್ತೆ, ತೋಟಕ್ಕೆ ಮಾತ್ರ ನೀರಿಲ್ಲ. ಮಗು ವಿಷ್ಯದಲ್ಲಿ ಆಗೋದೂ ಇದೇ. ಆ ಕರೆಂಟು ಅನ್ನೋದು ಅದು ಕುಡಿದ ಹಾಲು. ಹಾರ್ಟೇ ಎಲ್ಲ ತಿಂದು ಹಾಕುತ್ತೆ, ಮೈಗೆ ಹತ್ತಲ್ಲ. ಇನ್ನೊಂದು ಕಡೆ ಶ್ವಾಸಕೋಶಕ್ಕೆ ಬರಬೇಕಾಗಿದ್ದಕ್ಕಿಂತ ಎರಡು ಮೂರು ಪಟ್ಟು ರಕ್ತ ಬಂದು ಅದು ಜೌಗು ಗದ್ದೆ ಆದಂಗೆ ಆಗುತ್ತೆ, ಉಸಿರು ಏರುತ್ತೆ, ಪದೇ ಪದೇ ಕಫ, ನ್ಯೂಮೋನಿಯಾ.

ನಮ್ಮ ಮಗಳು ಹುಟ್ಟಿದಾಗ 2.8 ಕೆಜಿ. ಏಳು ವಾರಕ್ಕೆ 3.2. ಮೊದಲ ವಾರ ಸ್ವಲ್ಪ ಇಳಿದು ಆಮೇಲೆ ದಿನಕ್ಕೆ 25ರಿಂದ 30 ಗ್ರಾಂ ಏರ್ಬೇಕಂತೆ, ಆ ಲೆಕ್ಕಕ್ಕೆ 4 ಕೆಜಿ ಹತ್ರ ಇರ್ಬೇಕಿತ್ತು. ನಾವು ಅದನ್ನ ಗಮನಿಸ್ಲೇ ಇಲ್ಲ, ಸಣ್ಣ ಮೈಕಟ್ಟು, ಅವರಮ್ಮನ ಹಂಗೇ ಅಂದ್ಕೊಂಡ್ವಿ. ಹಾಲು ಕುಡಿಯೋವಾಗ ಹಣೇಲಿ ಬೆವರು ಹನಿ ಹನಿಯಾಗಿ ಬರ್ತಿತ್ತು, ಅದೂ ಚಳೀಲಿ. ನಾಲ್ಕು ಗುಟುಕು ಕುಡಿದು ಬಿಟ್ಬಿಡೋದು, ಏದುಸಿರು ಬಿಡೋದು, ಮತ್ತೆ ಅಳೋದು, ಮತ್ತೆ ನಾಲ್ಕು ಗುಟುಕು. ನಮಗೆ ಹಾಲು ಕುಡಿಯೋದು ಆರಾಮದ ಕೆಲಸ ಅನ್ಸುತ್ತೆ, ಆ ವಯಸ್ಸಿನ ಮಗುಗೆ ಅದು ಗುಡ್ಡ ಹತ್ತಿದಂಗೆ, ದಿನದಲ್ಲಿ ಅದು ಮಾಡೋ ಅತಿ ಕಷ್ಟದ ಕೆಲಸ ಅದೇ, ಹಂಗಾಗಿ ಹಾರ್ಟಿನ ಸುಸ್ತು ಮೊದ್ಲು ಕಾಣೋದೂ ಅಲ್ಲೇ. ಅತ್ತೆ ದೃಷ್ಟಿ ತೆಗೆದ್ರು, ಬಾಲಗ್ರಹ ಅಂತ ಅಂತ್ರ ಕಟ್ಟಿಸಿದ್ರು, ನಾನೂ ಬೇಡ ಅನ್ಲಿಲ್ಲ. ಕೊನೆಗೆ ಕೆಮ್ಮು ಅಂತ ತೋರಿಸಕ್ಕೆ ಹೋದಾಗ ಮಕ್ಕಳ ಡಾಕ್ಟರು ಸ್ಟೆತ್ ಇಟ್ಟೋರು ತೆಗೀಲೇ ಇಲ್ಲ, ಒಂದು ನಿಮಿಷ ಹಂಗೇ ಇಟ್ಕೊಂಡಿದ್ರು.

ಉಸಿರು ಎಣಿಸೋದು ಮನೇಲೇ ಮಾಡಬಹುದು. ಮಗು ಮಲಗಿರೋವಾಗ ಹೊಟ್ಟೆ ಏರಿ ಇಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿ ಡಬಲ್ ಮಾಡಬೇಡಿ, ಎಳೇ ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಎರಡು ತಿಂಗಳ ಒಳಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಅಷ್ಟು ಮುಟ್ಟಿದ್ರೆ ಅಥವಾ ದಾಟಿದ್ರೆ ಜೋರು ಉಸಿರಾಟ ಅಂತ ಲೆಕ್ಕ, ಆವತ್ತೇ ತೋರಿಸ್ಬೇಕು.

ನನಗೆ ಭಾರಿ ಸಿಟ್ಟು ಇದ್ದಿದ್ದು ಇನ್ನೊಂದು ವಿಷಯಕ್ಕೆ. ಹೆರಿಗೆ ಆದ ಕಡೆ ಡಿಸ್ಚಾರ್ಜ್ ಮಾಡೋವಾಗ ಎಲ್ಲ ನಾರ್ಮಲ್ ಅಂತ ಬರೆದು ಕೊಟ್ಟಿದ್ರು. ಏಳು ವಾರಕ್ಕೆ 7 ಮಿಮೀ ತೂತು ಅಂದ್ರೆ ಅವತ್ತು ಇರಲಿಲ್ವಾ, ಇವರಿಗೆ ಕಿವಿ ಇಲ್ವಾ ಅಂತ ಜಗಳಕ್ಕೇ ಹೋಗೋನಿದ್ದೆ. ಡಾಕ್ಟರಮ್ಮ ಹಾಳೆ ಮೇಲೆ ಎರಡು ಟ್ಯಾಂಕ್ ಬರೆದು ನಡುವೆ ಪೈಪ್ ಎಳೆದ್ರು, ಎರಡ್ರಲ್ಲೂ ನೀರು ಒಂದೇ ಮಟ್ಟ ಇದ್ರೆ ಪೈಪಲ್ಲಿ ನೀರು ಹರಿಯುತ್ತಾ ಹೇಳಿ ಅಂದ್ರು. ಹರಿಯಲ್ಲ. ಹೊಟ್ಟೇಲಿರೋವಾಗ ಮಗು ಉಸಿರಾಡಲ್ವಲ್ಲ, ಆಕ್ಸಿಜನ್ ಅಮ್ಮನಿಂದ ಬರುತ್ತೆ, ಶ್ವಾಸಕೋಶದ ನಳಿಗೆಗಳು ಬಿಗಿಯಾಗಿ ಮುದುಡಿಕೊಂಡಿರ್ತವೆ, ಆ ಕಡೆ ಪ್ರೆಶರ್ ಮೈ ಕಡೆಯಷ್ಟೇ ಇರುತ್ತೆ. ಹುಟ್ಟಿದ್ಮೇಲೆ ಒಂದೇ ದಿನಕ್ಕೆ ಪೂರ್ತಿ ಇಳಿಯಲ್ಲ, ನಾಲ್ಕರಿಂದ ಎಂಟು ವಾರದಲ್ಲಿ ನಿಧಾನಕ್ಕೆ ಇಳಿಯುತ್ತೆ. ಒಂದು ಟ್ಯಾಂಕಿನ ಮಟ್ಟ ಇಳೀತಾ ಇಳೀತಾ ನಡುವಿನ ಪೈಪಲ್ಲಿ ಹರಿವು ಜೋರಾಗುತ್ತೆ, ಆವಾಗ್ಲೇ ಶಬ್ದ, ಆವಾಗ್ಲೇ ಬೆವರು. ತೂತು ಮೊದಲ ದಿನದಿಂದ್ಲೂ ಇತ್ತು, ಹರಿವು ಇರಲಿಲ್ಲ. ನನ್ನ ಸಿಟ್ಟು ಅಲ್ಲಿಗೆ ಇಳೀತು.

ಶಬ್ದದ ಬಗ್ಗೆ ಇನ್ನೊಂದು ತಮಾಷೆ ಇದೆ. ಡಾಕ್ಟರಿಗೆ ಕೇಳೋ ಆ ಬುಸ್ ಬುಸ್ ಶಬ್ದಕ್ಕೆ ಮರ್ಮರ್ ಅಂತಾರೆ, ಅದು ಜೋರಾಗಿದ್ರೆ ತೂತೂ ದೊಡ್ಡದು ಅನ್ನೋ ಹಂಗಿಲ್ಲ. ಪೈಪ್ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿದ್ರೆ ನೀರು ಸುಯ್ ಅಂತ ಚಿಮ್ಮುತ್ತಲ್ಲ, ಹಂಗೆ ಎಷ್ಟೋ ಸಲ ಸಣ್ಣ ತೂತೇ ದೊಡ್ಡ ಗಲಾಟೆ ಮಾಡುತ್ತೆ. ಅಂಥ ಸಣ್ಣ ತೂತು ಬೇಕಾದಷ್ಟು ಮಕ್ಕಳಲ್ಲಿ ಮೊದಲ ಕೆಲವು ವರ್ಷದಲ್ಲಿ ತಾನಾಗೇ ಮುಚ್ಕೊಳ್ಳುತ್ತೆ, ಔಷಧಿನೂ ಬೇಡ, ಎಕೋ ಮಾಡಿಸ್ತಾ ಇದ್ರೆ ಸಾಕು. ಹಂಗಾಗಿ ಯಾರಾದ್ರೂ ನಂಗೆ ಫೋನ್ ಮಾಡಿ ತೂತಂತೆ ಅಂದ್ರೆ ನಾನು ಕೇಳೋದು ಮೂರು, ಎಷ್ಟು ದೊಡ್ಡದು, ಗೋಡೇಲಿ ಯಾವ ಜಾಗದಲ್ಲಿ, ಶ್ವಾಸಕೋಶದ ಕಡೆ ಪ್ರೆಶರ್ ಎಷ್ಟಿದೆ ಅಂದ್ರು. ಮೊದಲನೇದು ಎಲ್ರಿಗೂ ಗೊತ್ತಿರುತ್ತೆ, ಮೂರನೇದು ಯಾರೂ ಕೇಳ್ಕೊಂಡು ಬಂದಿರಲ್ಲ, ಎಲ್ಲ ತೀರ್ಮಾನ ಆಗೋದು ಅದ್ರ ಮೇಲೆ.

ಎಲ್ಲಾ ಹಾರ್ಟ್ ತೊಂದರೇನೂ ವಿಎಸ್‌ಡಿ ಅಲ್ಲ. ಹುಟ್ಟೋ ನೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಏನಾದ್ರೂ ಒಂದು ಇರುತ್ತೆ. ಮೇಲಿನ ಕೋಣೆಗಳ ನಡುವಿನ ತೂತು ಎಎಸ್‌ಡಿ, ಅದು ವರ್ಷಗಟ್ಲೆ ಸುಮ್ನಿರುತ್ತೆ. ಹೊಟ್ಟೇಲಿದ್ದಾಗ ಬೇಕಾಗಿದ್ದ ಒಂದು ಅಡ್ಡನಳಿಗೆ ಹುಟ್ಟಿದ್ಮೇಲೆ ಮುಚ್ಚದೇ ಉಳಿದ್ರೆ ಪಿಡಿಎ. ಇವೆರಡಕ್ಕೂ ಬಹಳ ಸಲ ಎದೆ ತೆರೆಯೋದೇ ಬೇಡ, ತೊಡೆ ಹತ್ರದ ರಕ್ತನಾಳದಿಂದ ತಂತಿ ಬಿಟ್ಟು ಛತ್ರಿ ಥರದ್ದು ಒಂದು ಡಿವೈಸ್ ಕೂರಿಸಿ ಮುಚ್ತಾರೆ. ಬೇರೇನೇ ಗುಂಪು ಅಂದ್ರೆ ಮಗು ನೀಲಿ ಆಗೋದು, ಆಕ್ಸಿಜನ್ ಇಲ್ಲದ ರಕ್ತ ಶ್ವಾಸಕೋಶಕ್ಕೆ ಹೋಗದೇ ಮೈಗೆ ಬೆರೆಯೋದು. ಫ್ಯಾಲೋ ಅಂತ ಒಂದಿದೆ, ನಾಲ್ಕು ದೋಷ ಒಟ್ಟಿಗೆ ಇರೋದು, ಅಂಥ ಮಗು ಅತ್ತಾಗ ಇದ್ದಕ್ಕಿದ್ದಂಗೆ ಕಡು ನೀಲಿ ಆದ್ರೆ ಮೊಣಕಾಲು ಎದೆಗೆ ಒತ್ತಿ ಹಿಡ್ಕೊಂಡು ತಕ್ಷಣ ಆಸ್ಪತ್ರೆಗೆ ಓಡ್ಬೇಕು. ಎರಡು ದೊಡ್ಡ ನಳಿಗೆ ಅದಲು ಬದಲಾಗಿರೋದು ಇನ್ನೂ ಅರ್ಜೆಂಟು, ಅದು ಹುಟ್ಟಿದ ದಿನಗಳಲ್ಲೇ ಗೊತ್ತಾಗ್ಬೇಕು, ಆಪರೇಷನ್ನೂ ಮೊದಲ ಕೆಲವು ವಾರದಲ್ಲೇ.

ನೀಲಿ ನೋಡೋದಕ್ಕೂ ಒಂದು ಕ್ರಮ ಇದೆ. ಮಲೆನಾಡಿನ ಚಳೀಲಿ ಎಳೇ ಮಗು ಅಂಗೈ ಅಂಗಾಲು ನೀಲಿ ಆಗೋದು ಸಾಮಾನ್ಯ, ಅದಕ್ಕೆ ಹೆದರ್ಬೇಡಿ. ನಾಲಿಗೆ, ವಸಡು, ತುಟಿ ಒಳಗಡೆ ನೋಡಿ. ನಮ್ಮಂಥ ಕಪ್ಪು ಮೈಬಣ್ಣದೋರಿಗೆ ಹೊರಗಿಂದ ಏನೂ ಗೊತ್ತಾಗಲ್ಲ. ಬೆರಳಿಗೆ ಕ್ಲಿಪ್ ಹಾಕ್ತಾರಲ್ಲ ಕೊರೊನಾ ಟೈಮಲ್ಲಿ ಎಲ್ರ ಮನೇಲೂ ಇತ್ತು, ಅದೇ ಥರದ್ದನ್ನ ಹುಟ್ಟಿದ 24 ಗಂಟೆ ಆದ್ಮೇಲೆ ಮಗು ಬಲಗೈಗೆ, ಆಮೇಲೆ ಒಂದು ಕಾಲಿಗೆ ಹಾಕಿ ನೋಡಿದ್ರೆ ಈ ನೀಲಿ ಗುಂಪಿನ ಎಷ್ಟೋ ಕೇಸು ಮನೆಗೆ ಹೋಗೋ ಮುಂಚೆನೇ ಸಿಕ್ಕಿಬೀಳ್ತವೆ. ಡಿಸ್ಚಾರ್ಜ್ ಮುಂಚೆ ಇದನ್ನ ಕೇಳಿ ಮಾಡಿಸಿ, ನೋವಿಲ್ಲ, ಐದು ನಿಮಿಷದ ಕೆಲಸ. ನಮ್ಮಂಥ ವಿಎಸ್‌ಡಿ ಮಾತ್ರ ಅದ್ರಲ್ಲಿ ಸಿಗಲ್ಲ, ಅದ್ರಲ್ಲಿ ಆಕ್ಸಿಜನ್ ಚೆನ್ನಾಗೇ ಇರುತ್ತೆ.

ಇನ್ನು ಬೈಗುಳದ ವಿಷಯ. ಹೊಟ್ಟೇಲಿದ್ದಾಗ, 2022ರ ಅಕ್ಟೋಬರ್ 25, ದೀಪಾವಳಿ ಅಮಾವಾಸ್ಯೆ ದಿನ ಸಂಜೆ ಸೂರ್ಯಗ್ರಹಣ ಆಗಿತ್ತು. ನಮ್ಮನೆಯವಳು ಒಣಗಕ್ಕೆ ಹಾಕಿದ್ದ ಬಟ್ಟೆ ತರಕ್ಕೆ ಹಿತ್ತಲಿಗೆ ಹೋಗಿದ್ಲು. ತೂತು ಅಂತ ಗೊತ್ತಾದ ರಾತ್ರಿ ನಮ್ಮ ಸಂಬಂಧಿಕರ ಬಾಯಲ್ಲಿ ಮೊದಲು ಬಂದಿದ್ದೇ ಆ ಬಟ್ಟೆ. ಪಪ್ಪಾಯಿ ತಿಂದ್ಲು, ಕೊಡ ಎತ್ತಿದ್ಲು, ಬಸ್ಸಲ್ಲಿ ತವರಿಗೆ ಹೋದ್ಲು, ಒಬ್ಬೊಬ್ರದು ಒಂದೊಂದು. ಅವಳು ವಾದ ಮಾಡ್ಲಿಲ್ಲ, ಒಳಗೆ ನಂಬಿಬಿಟ್ಟಿದ್ಲು ಅನ್ಸುತ್ತೆ, ಅದು ನನಗೆ ಗೊತ್ತಾಗಿದ್ದೂ ಎಷ್ಟೋ ದಿನದ ಮೇಲೆ, ಮಗುಗೆ ಹಾಲು ಕುಡಿಸ್ತಾ "ತಪ್ಪಾಯ್ತು ಕಣೇ" ಅಂತ ಪಿಸುಗುಡ್ತಿದ್ಲು. ನಾನು ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಬಸುರಿನ ಮೂರನೇ ವಾರದಿಂದ ಎಂಟನೇ ವಾರದೊಳಗೆ ಹಾರ್ಟಿನ ಗೋಡೆ ಕಟ್ಟಿ ಮುಗಿಯುತ್ತೆ, ಎಷ್ಟೋ ಹೆಂಗಸ್ರಿಗೆ ತಾವು ಬಸುರಿ ಅಂತ ಗ್ಯಾರಂಟಿ ಆಗೋ ಹೊತ್ತಿಗೆ ಅರ್ಧ ಕೆಲಸ ಆಗೋಗಿರುತ್ತೆ. ನಮ್ಮ ಮಗು ಹುಟ್ಟಿದ್ದು ಜನವರಿ ಮೊದಲ ವಾರ, ಅಂದ್ರೆ ಗೋಡೆ ಮುಗಿದಿದ್ದು ಜೂನಲ್ಲಿ. ಗ್ರಹಣ ಬಂದಿದ್ದು ಅಕ್ಟೋಬರಲ್ಲಿ, ಏಳನೇ ತಿಂಗಳಲ್ಲಿ. ಪ್ಲಾಸ್ಟರಿಂಗ್ ಮುಗಿದು ನಾಲ್ಕು ತಿಂಗಳಾದ ಗೋಡೇಲಿ ಇಟ್ಟಿಗೆ ಬಿಟ್ಟೋಗಿದ್ದಕ್ಕೆ ಅವತ್ತಿನ ಬಿಸಿಲನ್ನ ಬೈದಂಗಾಯ್ತು.

ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಅಂತ ಬೆರಳು ತೋರಿಸಕ್ಕೆ ಆಗಲ್ಲ. ತಾಯಿಗೆ ಬಸುರಿನ ಶುರುವಲ್ಲೇ ಶುಗರ್ ಕಂಟ್ರೋಲ್ ಇಲ್ಲದೇ ಇರೋದು, ಆ ಸಮಯದಲ್ಲಿ ರುಬೆಲ್ಲಾ ಬರೋದು, ಕೆಲವು ಫಿಟ್ಸ್ ಮಾತ್ರೆ, ಡೌನ್ ಸಿಂಡ್ರೋಮ್‌ನಂಥ ಜೀನ್ ತೊಂದರೆ, ಇವು ರಿಸ್ಕ್ ಜಾಸ್ತಿ ಮಾಡ್ತವೆ. ಸೋದರಮಾವ, ಅತ್ತೆ ಮಗಳು ಅಂತ ಒಳಸಂಬಂಧದಲ್ಲಿ ಮದುವೆ ಆಗೋದೂ ಸ್ವಲ್ಪ ಜಾಸ್ತಿ ಮಾಡುತ್ತೆ, ಇದನ್ನ ನಮ್ಮ ಕಡೆ ಹೇಳಿದ್ರೆ ಮುಖ ತಿರುಗಿಸ್ತಾರೆ, ಆದ್ರೂ ಹೇಳ್ತೀನಿ. ಒಂದು ಮಗುಗೆ ಇದ್ರೆ ಮುಂದಿನದಕ್ಕೆ ಬರೋ ಚಾನ್ಸ್ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು, ಆವಾಗ ಐದನೇ ತಿಂಗಳ ಸುಮಾರಿಗೆ ಹೊಟ್ಟೇಲಿರೋ ಮಗುಗೇ ಎಕೋ ಮಾಡಿಸಬಹುದು. ಮಾಮೂಲಿ ಸ್ಕ್ಯಾನಿಂಗಲ್ಲಿ ಯಾಕೆ ಗೊತ್ತಾಗ್ಲಿಲ್ಲ ಅಂತ ಕೇಳ್ತಾರೆ. ದೊಡ್ಡ ದೋಷಗಳು ಎಷ್ಟೋ ಗೊತ್ತಾಗ್ತವೆ, ಗೋಡೆ ತೂತು ತಪ್ಪಿಸ್ಕೊಳ್ಳುತ್ತೆ, ಎರಡೂ ಕಡೆ ಪ್ರೆಶರ್ ಸಮ ಇರೋವಾಗ ಹರಿವು ಕಾಣಲ್ವಲ್ಲ. ಪಿಡಿಎ ಅಂತೂ ಹೊಟ್ಟೇಲಿ ಎಲ್ಲಾ ಮಕ್ಕಳಿಗೂ ಇರ್ಲೇಬೇಕಾದ ದಾರಿ, ಅದನ್ನ ದೋಷ ಅಂತ ಆಗ ಹೇಳೋದಾದ್ರೂ ಹೆಂಗೆ.

ಬೆಂಗಳೂರಲ್ಲಿ ಹೇಳಿದ್ದು ಆಪರೇಷನ್ ಬೇಕೇ ಬೇಕು, ಆದ್ರೆ ಇವತ್ತೇ ಅಲ್ಲ, ಸ್ವಲ್ಪ ತೂಕ ಬರ್ಲಿ ಅಂತ. ಮೂರು ತಿಂಗಳು ಕಾದ್ವಿ, ಆ ಮೂರು ತಿಂಗಳು ನಮ್ಮನ್ನ ಅರ್ಧ ಮುದುಕರನ್ನ ಮಾಡಿಬಿಡ್ತು. ಔಷಧಿ ತೂತು ಮುಚ್ಚಲ್ಲ, ಇದು ಗೊತ್ತಿರಲಿ. ಲ್ಯಾಸಿಕ್ಸ್ ಅನ್ನೋದು ಶ್ವಾಸಕೋಶದಲ್ಲಿ ನಿಂತ ನೀರನ್ನ ಉಚ್ಚೇಲಿ ಹೊರಗೆ ಹಾಕುತ್ತೆ, ಎನಾಲಪ್ರಿಲ್ ಥರದ್ದು ಮೈ ಕಡೆಯ ನಳಿಗೆ ಸಡಿಲ ಮಾಡಿ ರಕ್ತ ಆ ಕಡೆ ಸಲೀಸಾಗಿ ಹೋಗೋ ಹಂಗೆ ಮಾಡುತ್ತೆ. ಸಿರಿಂಜಲ್ಲಿ ಪಾಯಿಂಟ್ ಲೆಕ್ಕದಲ್ಲಿ ಅಳೆದು ಕೊಡೋದು, ವಾಂತಿ ಮಾಡ್ತು ಅಂತ ನಮ್ಮಷ್ಟಕ್ಕೆ ನಾವೇ ಇನ್ನೊಂದ್ಸಲ ಹಾಕೋ ಹಂಗಿಲ್ಲ, ಫೋನ್ ಮಾಡಿ ಕೇಳ್ಬೇಕು. ಎದೆಹಾಲು ಹಿಂಡಿ ಒಳಲೇಲಿ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ಕುಡಿಸೋದು, ಸುಸ್ತಾದ್ರೆ ಬಿಡೋದು. ಬಜೆ ತೇಯ್ದು ನೆಕ್ಕಿಸೋದನ್ನ ನಿಲ್ಲಿಸಿ ಅಂದ್ರು, ಅತ್ತೆಗೆ ಬೇಜಾರಾಯ್ತು. ಲಸಿಕೆ ಒಂದೂ ತಪ್ಪಿಸಲಿಲ್ಲ. ನೆಂಟರಿಗೆ ಬರ್ಬೇಡಿ ಅಂದ್ವಿ, ಶೀತ ಕೆಮ್ಮು ಹತ್ತಿದ್ರೆ ಆಪರೇಷನ್ನೇ ಮುಂದಕ್ಕೆ ಹೋಗುತ್ತೆ, ಹೇಳಿದ್ದಕ್ಕೆ ಮುನಿಸ್ಕೊಂಡೋರು ಇನ್ನೂ ಮುನಿಸ್ಕೊಂಡೇ ಇದಾರೆ.

ಈಗ ಹೇಳೋದನ್ನ ಸ್ವಲ್ಪ ಗಮನ ಇಟ್ಟು ಓದಿ. ದೊಡ್ಡ ತೂತಿರೋ ಮಗು ಕೆಲವು ತಿಂಗಳಾದ್ಮೇಲೆ ಸುಧಾರಿಸಿದ ಹಾಗೆ ಕಾಣಬಹುದು, ಉಸಿರು ಕಮ್ಮಿ ಆಗುತ್ತೆ, ತೂಕ ಹಿಡಿಯುತ್ತೆ, ಎದೆ ಶಬ್ದನೂ ಕಮ್ಮಿ ಆಗುತ್ತೆ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ತೂತು ನಿಜವಾಗ್ಲೂ ಸಣ್ಣದಾಗಿರಬಹುದು. ಇನ್ನೊಂದು, ವಿಪರೀತ ರಕ್ತದ ಹೊಡೆತಕ್ಕೆ ಶ್ವಾಸಕೋಶದ ನಳಿಗೆಗಳ ಗೋಡೆ ದಪ್ಪ ಆಗಿ ಆ ಕಡೆ ಪ್ರೆಶರ್ ಏರ್ತಾ ಇರಬಹುದು, ಮತ್ತೆ ಎರಡು ಟ್ಯಾಂಕಿನ ಮಟ್ಟ ಸಮ ಆಗ್ತಾ ಬರ್ತಿದೆ ಅಂತ, ಹರಿವು ಕಮ್ಮಿ ಆಗಿದೆ ಅಷ್ಟೇ. ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ. ಎರಡನೇದು ಮುಂದುವರಿದ್ರೆ ಒಂದು ದಿನ ಬಲಗಡೆ ಪ್ರೆಶರ್ ಎಡಗಡೇನ ಮೀರಿ ರಕ್ತ ಉಲ್ಟಾ ಹರಿಯಕ್ಕೆ ಶುರು ಆಗುತ್ತೆ, ಮಗು ನೀಲಿ ಆಗುತ್ತೆ, ಐಸೆನ್‌ಮೆಂಗರ್ ಅಂತಾರೆ, ಅಲ್ಲಿಗೆ ಬಂದ್ಮೇಲೆ ತೂತು ಮುಚ್ಚೋ ಹಂಗೇ ಇಲ್ಲ. ನನಗೆ ಗೊತ್ತಿರೋ ಒಂದು ಮನೇಲಿ ಹರಕೆ ಹೊತ್ರು, ಮಗು ಗುಂಡಗಾಯ್ತು, ಔಷಧಿ ಬಿಟ್ರು, ಎಕೋಗೂ ಹೋಗಲಿಲ್ಲ. ಹರಕೆ ಹೊರಿ, ನಾವೂ ಹೊತ್ತಿದ್ವಿ, ಆದ್ರೆ ತೀರಿಸೋ ಮುಂಚೆ ಒಂದು ಎಕೋ ಮಾಡಿಸಿ. ದೊಡ್ಡದಾದ್ಮೇಲೆ ನೋಡೋಣ ಬಿಡಿ ಅಂತ ಹೇಳೋ ಹಿರಿಯರು ಪ್ರತಿ ಮನೇಲೂ ಒಬ್ರು ಇರ್ತಾರೆ, ಅವರ ಮಾತು ಎಎಸ್‌ಡಿಗೆ ಸರಿ ಹೋಗಬಹುದು, ದೊಡ್ಡ ವಿಎಸ್‌ಡಿಗೆ ಅದ್ರಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಅದನ್ನ ಸಾಮಾನ್ಯವಾಗಿ ವರ್ಷ ತುಂಬೋದ್ರೊಳಗೆ ಮುಚ್ತಾರೆ.

ದುಡ್ಡಿನ ವಿಷಯ ಬೇಗ ಹೇಳ್ತೀನಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ 30 ಪರ್ಸೆಂಟು, ಒಂದೂವರೆ ಲಕ್ಷದವರೆಗೆ. ರೆಫರಲ್ ಲೆಟರ್ ಜಿಲ್ಲಾಸ್ಪತ್ರೆಯಿಂದ ಮೊದ್ಲೇ ತಗೊಳಿ, ನಾವು ಅದನ್ನ ಬಿಟ್ಟು ಹೋಗಿ 185 ಕಿಲೋಮೀಟರ್ ವಾಪಸ್ ಬಂದ್ವಿ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ಅಂತ ಆ ರೋಡಿನ ಪ್ರತಿ ಹಂಪೂ ನಮ್ಮನೆಯವಳಿಗೆ ಬಾಯಿಪಾಠ. ಕಾರ್ಡಲ್ಲಿ ಮಗು ಹೆಸರಿಲ್ಲ ಅಂದ್ರೆ ಏನು ಮಾಡ್ಬೇಕು ಅಂತ ಆಸ್ಪತ್ರೇಲಿರೋ ಆರೋಗ್ಯಮಿತ್ರರನ್ನ ಕೇಳಿ. ಅಂಗನವಾಡಿ, ಶಾಲೆಗೆ ಬಂದು ತಪಾಸಣೆ ಮಾಡೋ ಆರ್‌ಬಿಎಸ್‌ಕೆ ಅಂತ 2013ರಿಂದ ಇದೆ, 18 ವರ್ಷದವರೆಗಿನ ಮಕ್ಕಳಿಗೆ, ಹುಟ್ಟಿನ ಹಾರ್ಟ್ ತೊಂದರೆ ಅದ್ರ ಪಟ್ಟೀಲೇ ಇದೆ, ಆಶಾ ಕಾರ್ಯಕರ್ತೆಗೆ ಹೇಳಿದ್ರೆ ದಾರಿ ತೋರಿಸ್ತಾರೆ. ಬೆಂಗಳೂರಲ್ಲಿ ಜಯದೇವ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ, ಹಾರ್ಟ್ ಆಪರೇಷನ್‌ಗೆ ದುಡ್ಡೇ ತಗೊಳ್ಳದ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ, ಇವು ಎಲ್ರಿಗೂ ಗೊತ್ತಿರೋವೇ. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆ ಹಾರ್ಟ್ ಅಟ್ಯಾಕಿಗೆ, ಅದು ಇದಕ್ಕೆ ಬರಲ್ಲ. 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿ ದಿನಾ ಟಿವೀಲಿ ಬರ್ತಿದ್ದಾಗ, ಮೈಸೂರು ಜಯದೇವದ ಮುಂದೆ ಜನ ಕ್ಯೂ ನಿಂತಿದ್ದಾಗ, ನನಗೂ ಹತ್ತಾರು ಫೋನು, ನಿಮ್ಮ ಮಗಳು ಹುಷಾರಾಗಿದಾಳಾ ಅಂತ. ಅಟ್ಯಾಕ್ ಅನ್ನೋದು ಹಾರ್ಟಿಗೇ ರಕ್ತ ಕೊಡೋ ನಳಿಗೆ ಬ್ಲಾಕ್ ಆಗೋದು, ಇದು ಗೋಡೆ ಕಟ್ಟೋವಾಗ ಬಿಟ್ಟೋದ ಜಾಗ, ಒಂದಕ್ಕೊಂದು ಸಂಬಂಧನೇ ಇಲ್ಲ ಅಂತ ಹೇಳಿ ಹೇಳಿ ಸಾಕಾಯ್ತು.

ಆಪರೇಷನ್ ಆಗಿದ್ದು ಐದು ತಿಂಗಳಿಗೆ, 4.8 ಕೆಜಿಗೆ. ಎದೆ ಮೂಳೆ ತೆರೆದು, ರಕ್ತನ ಹಾರ್ಟ್ ಲಂಗ್ ಮಷೀನಿಗೆ ತಿರುಗಿಸಿ, ಹಾರ್ಟ್ ನಿಲ್ಲಿಸಿ, ತೂತಿಗೆ ಪ್ಯಾಚ್ ಹೊಲಿಯೋದು. ಬರೀ ವಿಎಸ್‌ಡಿ ಇರೋ ಮಕ್ಕಳಲ್ಲಿ ನೂರಕ್ಕೆ 97, 98ಕ್ಕಿಂತ ಹೆಚ್ಚು ಚೆನ್ನಾಗಿ ಎದ್ದು ಬರ್ತವೆ ಅಂದ್ರು, ಸಹಿ ಹಾಕೋವಾಗ ನನ್ನ ಕಣ್ಣಿಗೆ ಬಿದ್ದಿದ್ದು ಉಳಿದ ಎರಡು ಮೂರು ಮಾತ್ರ. ಹೊರಗೆ ಕಾಯ್ತಾ ಫೋನಲ್ಲಿ ಏನೇನೋ ಓದ್ತಿದ್ದೆ, ಅದ್ರಲ್ಲಿ ಒಂದು ಮರೆಯಕ್ಕಾಗಲ್ಲ. 1954ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ವಾಲ್ಟನ್ ಲಿಲ್ಲೆಹೈ ಅನ್ನೋ ಸರ್ಜನ್ ಮೊದಲ ಸಲ ವಿಎಸ್‌ಡಿ ಮುಚ್ಚಿದಾಗ ನಂಬಿಕೆ ಇಡಬಹುದಾದ ಮಷೀನೇ ಇರಲಿಲ್ಲ, ಮಗು ಅಪ್ಪನ್ನ ಪಕ್ಕದ ಟೇಬಲ್ ಮೇಲೆ ಮಲಗಿಸಿ, ಅವನ ತೊಡೆಯ ರಕ್ತನಾಳದಿಂದ ಮಗುಗೆ ಪೈಪ್ ಹಾಕಿ, ಅಪ್ಪನ ಹಾರ್ಟು ಅಪ್ಪನ ಶ್ವಾಸಕೋಶದಲ್ಲೇ ಮಗುನ ಓಡಿಸಿದ್ರಂತೆ. ಆ ಮೊದಲ ಮಗು ಆಪರೇಷನ್ ದಾಟಿ ಹನ್ನೊಂದು ದಿನಕ್ಕೆ ನ್ಯೂಮೋನಿಯಾದಿಂದ ಹೋಯ್ತು. ಆದ್ರೂ ಮುಂದಿನ ಅಪ್ಪ ಅಮ್ಮಂದ್ರು ಬಂದು ಮಲಗಿದ್ರು, ಒಟ್ಟು 45 ಮಕ್ಕಳಿಗೆ ಹಂಗೆ ಮಾಡಿದ್ರು, ಅರ್ಧಕ್ಕಿಂತ ಹೆಚ್ಚು ಮಕ್ಕಳು ಮನೆಗೆ ಹೋದ್ವು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಒಳಗೆ ಓಡ್ತಿರೋ ಮಷೀನ್ ಎಷ್ಟು ಹೆಚ್‌ಪಿ ಇರಬಹುದು ಅಂತ ಯೋಚನೆ ಮಾಡ್ತಿದ್ದೆ, ನನ್ನ ತಲೆ ಅಷ್ಟೇ.

ಐಸಿಯುನಲ್ಲಿ ನೋಡಕ್ಕೆ ಬಿಟ್ಟಾಗ ಮೈತುಂಬ ಪೈಪು, ಬಾಯಲ್ಲಿ ವೆಂಟಿಲೇಟರ್, ಮುಖ ಊದಿತ್ತು, ಇದನ್ನ ಮೊದ್ಲೇ ಹೇಳಿದ್ರೆ ಸ್ವಲ್ಪ ತಡ್ಕೊಬಹುದಿತ್ತು, ಅದಕ್ಕೇ ಹೇಳ್ತಿದೀನಿ. ಹತ್ತು ದಿನಕ್ಕೆ ಮನೆಗೆ ಬಂದ್ವಿ. ಮೂಳೆ ಕೂಡೋವರೆಗೂ, ಆರರಿಂದ ಎಂಟು ವಾರ, ಕಂಕುಳಿಗೆ ಕೈ ಹಾಕಿ ಎತ್ತಬಾರದು, ಒಂದು ಕೈ ತಲೆ ಕೆಳಗೆ ಒಂದು ಕೈ ಕುಂಡಿ ಕೆಳಗೆ, ಮೊರದಲ್ಲಿ ಅಕ್ಕಿ ಎತ್ತಿದಂಗೆ. ಮೊದಲ ರಾತ್ರಿ ಅವಳು ನಿಲ್ಲಿಸದೇ ಹಾಲು ಕುಡಿದ್ಲು, ಹಣೇಲಿ ಬೆವರಿಲ್ಲ. ನಮ್ಮನೆಯವಳು ಮೂರು ಸಲ ಮುಟ್ಟಿ ನೋಡಿದ್ಲು.

ಅವ್ವ ಈಗ್ಲೂ ಸುಮ್ನಿರಲ್ಲ. ಮೊನ್ನೆ ಅಂಗಳದಲ್ಲಿ ಮೊಮ್ಮಗಳ ಹಿಂದೆ ಅನ್ನದ ತಟ್ಟೆ ಹಿಡ್ಕೊಂಡು ಓಡಿ ಸುಸ್ತಾಗಿ ಕಟ್ಟೆ ಮೇಲೆ ಕೂತೋಳು, "ಅಲ್ಲ ಕಣಪ್ಪಾ, ಇವ್ಳು ಬೆಳೀತಾವ್ಳೆ, ಆ ಪ್ಯಾಚು ಬೆಳಿಯಲ್ವಲ್ಲ, ಚಿಕ್ಕದಾಗಿ ಕಿತ್ಕೊಳ್ಳಲ್ವಾ?" ಅಂದ್ಲು. ಇದನ್ನ ನಾನೂ ಡಾಕ್ಟರಮ್ಮನ್ನ ಕೇಳಿದ್ದೆ. ಪ್ಯಾಚ್ ಬೆಳಿಯಲ್ಲ, ಕೆಲವು ತಿಂಗಳಲ್ಲಿ ಅದ್ರ ಮೇಲೆ ಹಾರ್ಟಿನದ್ದೇ ಒಳಪದರ ಹಬ್ಕೊಳ್ಳುತ್ತೆ, ಸುತ್ತ ಇರೋ ಗೋಡೆ ಬೆಳಿಯುತ್ತೆ, ಪ್ಯಾಚು ಅದ್ರ ನಡುವೆ ಅಷ್ಟೇ ಇದ್ದುಬಿಡುತ್ತೆ.

"ಅಂದ್ರೆ ರವಿಕೆಗೆ ಹಾಕಿದ ತೇಪೆ ಥರ ಅಲ್ಲ," ಅಂದ್ಲು ಅವ್ವ, "ಮರಕ್ಕೆ ಹೊಡೆದ ಮೊಳೆ ಥರ."